ಅವ್ವ ಹೇಳಬೇಕೆಂದಿದ್ದ ಮಾತು

ಊರಿನ ಮನೆಯ ಗೋಡೆ ಬೀರುವಿನಲ್ಲಿ ಅಪ್ಪನ ಪಾಸ್‌ಬುಕ್ಕು, ಪಹಣಿ ಪತ್ರಗಳ ಜೊತೆ ನೂರು ಪುಟದ ಒಂದು ನೋಟ್‌ಬುಕ್ಕಿದೆ. ರಟ್ಟಿನ ಮೇಲೆ ಸೂರ್ಯಕಾಂತಿ ಹೂವಿನ ಚಿತ್ರ. 2021ರ ಜುಲೈನಲ್ಲಿ ಮೈಸೂರಿನಿಂದ ಕೊಂಡೊಯ್ದು ಅವ್ವನ ಕೈಗೆ ಕೊಟ್ಟಿದ್ದೆ. ಅಪ್ಪ ಹೋಗಿ ಆಗ ಎರಡು ತಿಂಗಳು. "ದಿನಾ ರಾತ್ರಿ ಮಲಗೋ ಮುಂಚೆ, ಅವತ್ತು ನಡೆದ ಮೂರು ಒಳ್ಳೇ ಸಂಗತಿ ಇದರಲ್ಲಿ ಬರಿ ಅವ್ವ. ನಲವತ್ತು ದಿನ ಬಿಡದೆ ಬರಿ. ಮನಸ್ಸು ಹಗುರಾಗುತ್ತೆ" ಎಂದಿದ್ದೆ. ಅವ್ವ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಪೆನ್ನು ಹಿಡಿಯುವುದೇ ಅಪರೂಪ. ಪುಸ್ತಕವನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಸೆರಗಿನಲ್ಲಿ ಒಮ್ಮೆ ಒರೆಸಿ, "ಬರೀತೀನಿ ಬುಡು" ಎಂದಳು.

ಅವಳು ಬರೆದಳು. ಏನು ಬರೆದಳೆಂದು ನಾನು ನೋಡಿದ್ದು ಆರು ತಿಂಗಳ ಮೇಲೆ. ಅದನ್ನು ಹೇಳುವ ಮೊದಲು ಬೇರೆ ಕೆಲವು ವಿಷಯ ಹೇಳಿಕೊಳ್ಳಬೇಕು.

ನಾನು ಲೈಫ್ ಕೋಚ್. ನಮ್ಮೂರ ಕಡೆ ಕೋಚಿಂಗ್ ಅಂದರೆ ಟ್ಯೂಷನ್ ಅಂದುಕೊಳ್ಳುತ್ತಾರೆ. ಯಾರಾದರೂ ಕೇಳಿದರೆ ಅವ್ವ, "ನಮ್ ಹುಡ್ಗಿ ಜನಕ್ಕೆ ಧೈರ್ಯ ಹೇಳೋ ಕೆಲ್ಸ ಮಾಡ್ತಾಳೆ" ಎನ್ನುತ್ತಿದ್ದಳು. ಹದಿಮೂರು ವರ್ಷ ಬೆಂಗಳೂರಿನ ಒಂದು ಕಂಪನಿಯ ತರಬೇತಿ ವಿಭಾಗದಲ್ಲಿದ್ದೆ. 2017ರಲ್ಲಿ ಕೆಲಸವೂ ಸಂಸಾರವೂ ಒಟ್ಟಿಗೆ ಹದಗೆಟ್ಟು, ಏನು ಮಾಡಬೇಕೆಂದು ತೋಚದೆ ಒಬ್ಬ ಕೋಚ್ ಹತ್ತಿರ ಹೋದೆ. ಆಕೆ ಉಪದೇಶ ಮಾಡದೆ ಪ್ರಶ್ನೆ ಕೇಳಿದರು. ಉತ್ತರ ಹುಡುಕುತ್ತ ಹುಡುಕುತ್ತ ನನ್ನ ತಲೆಯೊಳಗಿನ ಸಿಕ್ಕು ಎಳೆ ಎಳೆಯಾಗಿ ಬಿಡಿಸಿಕೊಂಡಿತು. ಎಂಟು ಭೇಟಿಗಳಲ್ಲಿ ನಾನು ಮತ್ತೆ ಮನುಷ್ಯಳಾದೆ. ಆದ್ದರಿಂದ ಈ ವಿದ್ಯೆಯ ಮೇಲೆ ನನಗೆ ಗೌರವವಿದೆ, ಈಗಲೂ ಇದೆ. ಮರುವರ್ಷವೇ ಕೆಲಸ ಬಿಟ್ಟು ಅದನ್ನೇ ಕಲಿಯಲು ಸೇರಿಕೊಂಡೆ.

ಇದು ಹುಟ್ಟಿದ್ದು ಆಟದ ಮೈದಾನದಲ್ಲಿ. ಟೆನಿಸ್ ಕಲಿಸುತ್ತಿದ್ದ ಟಿಮೊಥಿ ಗಾಲ್ವೆ ಎಂಬ ಅಮೆರಿಕದವರು 1974ರಲ್ಲಿ ಒಂದು ಪುಸ್ತಕ ಬರೆದು, ನೆಟ್ಟಿನ ಆಚೆಗಿರುವ ಎದುರಾಳಿಗಿಂತ ಆಟಗಾರನ ತಲೆಯೊಳಗಿನ ಗದ್ದಲವೇ ದೊಡ್ಡ ಅಡ್ಡಿ ಎಂದು ತೋರಿಸಿದರು. ಕಾರ್ ರೇಸಿನಲ್ಲಿ ಹೆಸರು ಮಾಡಿದ್ದ ಇಂಗ್ಲೆಂಡಿನ ಜಾನ್ ವಿಟ್ಮೋರ್ ಅದನ್ನು ಕಚೇರಿಗಳಿಗೆ ತಂದರು. 1992ರಲ್ಲಿ ಬಂದ ಅವರ ಪುಸ್ತಕದಿಂದ 'ಗ್ರೋ' ಮಾದರಿ ಲೋಕಕ್ಕೆಲ್ಲ ಹರಡಿತು. ನಿನ್ನ ಗುರಿ ಏನು, ಈಗ ಎಲ್ಲಿದ್ದೀಯ, ಮುಂದೆ ಯಾವ ಯಾವ ದಾರಿಗಳಿವೆ, ಅದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀಯ. ಕೆಲಸ ಬದಲಿಸಬೇಕೆನ್ನುವವರನ್ನು, ಅಂಗಡಿ ಹಾಕಬೇಕೆನ್ನುವವರನ್ನು, ಬಾಸಿನ ಎದುರು ಬಾಯಿ ಬಿಡಲಾಗದವರನ್ನು ಇದು ಕೈಹಿಡಿದು ನಡೆಸುತ್ತದೆ. ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ನಾಲ್ಕು ಪ್ರಶ್ನೆಗಳಲ್ಲೂ ಮುಖ ಮುಂದಕ್ಕೇ ಇರುತ್ತದೆ ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ. ನನಗೆ ಹಿಂದಕ್ಕೆ ತಿರುಗಿ ನೋಡುವುದು ಬೇಕಿರಲಿಲ್ಲ.

ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ. ಮದ್ದೂರಿನ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಎರಡು ಎಕರೆ ಕಬ್ಬು ಬೆಳೆಯುತ್ತಿದ್ದ ಮನುಷ್ಯ. ಜ್ವರ ಬಂದು ಐದನೇ ದಿನ ಉಸಿರು ಸಾಲದಾಯಿತು. ರಾತ್ರಿ ಆಂಬುಲೆನ್ಸ್ ಬಂತು. ಮೂರನೇ ದಿನ ಬೆಳಗಿನ ಜಾವ ಅಣ್ಣನ ಫೋನು. ಲಾಕ್‌ಡೌನಿನಲ್ಲಿ ಪಾಸ್ ಮಾಡಿಸಿಕೊಂಡು ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ. ಅವ್ವನೂ ನೋಡಲಿಲ್ಲ. ಅಸ್ಥಿಯ ಕುಡಿಕೆಯ ಮೇಲೆ ಬಿಳಿ ಟೇಪು ಅಂಟಿಸಿ ಒಂದು ನಂಬರು ಬರೆದಿದ್ದರು. ಅಣ್ಣ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಬಿಟ್ಟು ಬಂದ. ನಮಗೆ ಕುಡಿಕೆಯಾದರೂ ಸಿಕ್ಕಿತ್ತು. ವಾರಸುದಾರರು ಬಾರದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮರುತಿಂಗಳು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹತ್ತಿರ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟದ್ದನ್ನು ಟೀವಿಯಲ್ಲಿ ನೋಡಿ ಅವ್ವ ಬಹಳ ಹೊತ್ತು ಎದ್ದಿರಲಿಲ್ಲ.

ಸಾವಿನ ಮನೆಗೆ ನಮ್ಮ ಕಡೆ ಜನ ಕರೆಯದೆ ಬರುತ್ತಾರೆ. ಅದಕ್ಕೆ 'ಮಾತಾಡಿಸಿಕೊಂಡು ಬರೋದು' ಎನ್ನುತ್ತಾರೆ. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಮುದ್ದೆ ಸಾರು ತರುತ್ತಾರೆ. ಹೆಂಗಸರು ಬಂದು ಕೂತು, ಸತ್ತವರ ಬದುಕನ್ನೆಲ್ಲ ಹೇಳಿಕೊಂಡು ರಾಗವಾಗಿ ಅಳುತ್ತಾರೆ. ಮದುವೆಯಾದ ವರ್ಷ ಹೀಗಿತ್ತು, ಬಾವಿ ತೋಡಿಸಿದಾಗ ಹೀಗಾಯಿತು, ಎತ್ತು ಸತ್ತಾಗ ಹೀಗೆ ಕೂತಿದ್ದ. ಹೊರಡುವಾಗ 'ಹೋಗಿ ಬರ್ತೀನಿ' ಅನ್ನದೆ ಎದ್ದು ಹೋಗುತ್ತಾರೆ. ಅಪ್ಪನ ಸಾವಿಗೆ ಇದೊಂದೂ ನಡೆಯಲಿಲ್ಲ. ಬೀದಿಗೆ ಅಡ್ಡಲಾಗಿ ಬೊಂಬು ಕಟ್ಟಿದ್ದರು. ಯಾರೂ ಬರುವ ಹಾಗಿರಲಿಲ್ಲ. ಅವ್ವನ ಅಳುವಿಗೆ ಜೊತೆ ಸಿಗಲಿಲ್ಲ. ಜೊತೆಗಿದ್ದವಳು ನಾನೊಬ್ಬಳು.

ನಾನು ಅಳಲಿಲ್ಲ. ಹನ್ನೆರಡನೇ ದಿನಕ್ಕೆ ಊರಿನ ಮನೆಯ ಮಹಡಿ ಮೇಲೆ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ವೆಬಿನಾರ್ ಮಾಡಿದೆ. ವಿಷಯ: ನೋವನ್ನು ಶಕ್ತಿಯಾಗಿಸುವುದು ಹೇಗೆ. ನೂರ ಎಂಬತ್ತು ಜನ ಸೇರಿದ್ದರು. ಅಪ್ಪನ ಸಾವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಐದು ಹೆಜ್ಜೆಗಳ ಸ್ಲೈಡ್ ತೋರಿಸಿದೆ. ಕೊನೆಯಲ್ಲಿ ಮೆಚ್ಚುಗೆಯ ಮಾತುಗಳು ಸಾಲುಸಾಲಾಗಿ ಬಂದವು. ಎಂಥ ಗಟ್ಟಿ ಮನಸ್ಸು ನಿಮ್ಮದು ಎಂದರು. ನಾನು ನಂಬಿದೆ. ಕೆಳಗೆ ಬಂದಾಗ ಅವ್ವ ಕೊಟ್ಟಿಗೆಯಲ್ಲಿ ಹಸುವಿನ ಬೆನ್ನಿಗೆ ಹಣೆ ಆನಿಸಿ ನಿಂತಿದ್ದಳು. ಅವಳನ್ನು ಹಾಗೇ ಬಿಟ್ಟು ಒಳಗೆ ಹೋದೆ.

ಆ ದಿನಗಳಲ್ಲಿ ಅವ್ವ ಮತ್ತೆ ಮತ್ತೆ ಒಂದೇ ಮಾತು ಶುರು ಮಾಡುತ್ತಿದ್ದಳು. "ಅವತ್ ರಾತ್ರಿ ಆಂಬುಲೆನ್ಸ್ ಬಂತಲ್ಲ ಮಗಾ..." ಅಷ್ಟಕ್ಕೇ ನನ್ನ ಎದೆಯೊಳಗೆ ಏನೋ ಬಿಗಿದುಕೊಳ್ಳುತ್ತಿತ್ತು. "ಅದನ್ನೇ ನೆನೀಬೇಡ ಅವ್ವ. ಆಗಿದ್ದು ಆಗೋಯ್ತು. ಮುಂದಿಂದು ನೋಡು" ಎನ್ನುತ್ತಿದ್ದೆ. ಅವ್ವ ಸುಮ್ಮನಾಗುತ್ತಿದ್ದಳು. ನಾಲ್ಕು ದಿನ ಬಿಟ್ಟು ಫೋನಿನಲ್ಲಿ, ರಾಗಿ ಬೀಸಿಸಿದ ವಿಷಯ ಹೇಳುತ್ತ ಹೇಳುತ್ತ ಮತ್ತೆ ಅಲ್ಲಿಗೇ ಬರುತ್ತಿದ್ದಳು. ನಾನು ಮತ್ತೆ ತಡೆಯುತ್ತಿದ್ದೆ. ಎಷ್ಟು ಸಲ ತಡೆದಿದ್ದೇನೋ. ಆಂಬುಲೆನ್ಸ್ ಬಂದ ಮೇಲೆ ಏನಾಯಿತೆಂದು ನನಗೆ ಗೊತ್ತೇ ಆಗಲಿಲ್ಲ. ಆ ಮೇಲೆ ತಂದುಕೊಟ್ಟದ್ದೇ ಸೂರ್ಯಕಾಂತಿಯ ನೋಟ್‌ಬುಕ್ಕು.

ಆ ಸೆಪ್ಟೆಂಬರಿನಲ್ಲಿ ಒಬ್ಬ ಶಿಕ್ಷಕಿ ನನ್ನಲ್ಲಿಗೆ ಬಂದರು. ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು ಐವತ್ತರ ಮೇಲೆ. ಅದೇ ಏಪ್ರಿಲ್‌ನಲ್ಲಿ ಗಂಡನನ್ನು ಕಳೆದುಕೊಂಡಿದ್ದರು. ವೆಬಿನಾರ್ ನೋಡಿ ಬಂದವರು. "ನೀವು ಹೇಗೆ ಇಷ್ಟು ಬೇಗ ಎದ್ದು ನಿಂತ್ರಿ ಮೇಡಂ, ನನಗೂ ಹೇಳಿಕೊಡಿ" ಎಂದರು. ಅದೇ ಕ್ಷಣ ನಾನು ಅವರಿಗೆ ನಿಜ ಹೇಳಬೇಕಿತ್ತು.

ವಾರಕ್ಕೊಂದರಂತೆ ಐದು ಭೇಟಿ, ಎಲ್ಲವೂ ಆನ್‌ಲೈನಿನಲ್ಲಿ. ಮೊದಲ ದಿನವೇ ಮೂರು ತಿಂಗಳ ಗುರಿ ಏನೆಂದು ಕೇಳಿದೆ. ಅವರು ಬಹಳ ಯೋಚಿಸಿ, "ರಾತ್ರಿ ನಿದ್ದೆ ಬಂದ್ರೆ ಸಾಕು" ಎಂದರು. ನಾನು ಅದನ್ನು 'ಶಿಸ್ತಿನ ದಿನಚರಿ' ಎಂದು ಬರೆದುಕೊಂಡೆ. ಎರಡನೇ ವಾರ ಭಾವನೆಗಳ ಚಕ್ರ ತೋರಿಸಿದೆ. ರಾಬರ್ಟ್ ಪ್ಲುಚಿಕ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ರೂಪಿಸಿದ ಚಿತ್ರ ಅದು. ಎಂಟು ಮೂಲ ಭಾವನೆಗಳು ಹೂವಿನ ಎಸಳಿನಂತೆ, ಒಳಗೆ ಬಂದಷ್ಟೂ ಬಣ್ಣ ಗಾಢ. ಕನ್ನಡಕ್ಕೆ ನಾನೇ ಮಾಡಿಕೊಂಡಿದ್ದೆ. "ಇದರಲ್ಲಿ ನಿಮ್ಮದು ಯಾವುದು, ಬೆರಳಿಟ್ಟು ತೋರಿಸಿ" ಎಂದೆ. ಅವರು ಚಿತ್ರವನ್ನು ನೋಡೇ ನೋಡಿದರು. "ನಂದು ಇದರಲ್ಲಿಲ್ಲ ಅನ್ಸುತ್ತೆ ಮೇಡಂ. ಹಳಹಳಿ ಅಂತಾರಲ್ಲ, ಅದು. ಆಸ್ಪತ್ರೆಗೆ ಒಂದು ದಿನ ಮುಂಚೆ ಕರ್ಕೊಂಡು ಹೋಗಿದ್ರೆ ಅಂತ."

ಹಳಹಳಿ. ಎಷ್ಟು ಸರಿಯಾದ ಮಾತು. ಅದರಲ್ಲಿ ದುಃಖವಿದೆ, ತಪ್ಪು ನನ್ನದೇ ಎಂಬ ಕೊರಗಿದೆ, ಕೈಜಾರಿದ್ದನ್ನು ಮತ್ತೆ ಮತ್ತೆ ತಡವುವ ಬೆರಳಿದೆ. ನಮ್ಮ ಭಾಷೆಯಲ್ಲಿ ಇಂಥವು ಬೇಕಾದಷ್ಟಿವೆ. ತಳಮಳ ಬೇರೆ, ಕಳವಳ ಬೇರೆ, ದಿಗಿಲು ಬೇರೆ, ಕಸಿವಿಸಿ ಬೇರೆ. ಕರುಳು ಚುರುಕ್ ಅನ್ನುವುದು, ಹೊಟ್ಟೆಯಲ್ಲಿ ಕಲಸಿದ ಹಾಗಾಗುವುದು, ಎದೆ ಧಸಕ್ ಅನ್ನುವುದು. ಮೈಯ ಯಾವ ಜಾಗದಲ್ಲಿ ಏನಾಗುತ್ತಿದೆ ಎನ್ನುವುದನ್ನೂ ಸೇರಿಸಿಯೇ ಕನ್ನಡ ಹೇಳುತ್ತದೆ. ಮನೋವೈದ್ಯದ ವಿಷಯ ಬರೆದ ಡಾಕ್ಟರ್ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಇಷ್ಟೆಲ್ಲ ನಮ್ಮಲ್ಲೇ ಇದ್ದೂ, ಆಕೆ ತಾನಾಗಿ ತೆಗೆದುಕೊಟ್ಟ ಆ ಒಂದು ಪದವನ್ನು ನಾನು ಹಿಡಿದುಕೊಳ್ಳಲಿಲ್ಲ. "ಹಾಗಾದರೆ ದುಃಖದ ಎಸಳಿಗೆ ಹಾಕೋಣ" ಎಂದು ಮುಂದಕ್ಕೆ ಹೋದೆ.

ಮೂರು, ನಾಲ್ಕನೇ ವಾರ ಇನ್ನೊಂದು ತಪ್ಪು. ದುಃಖಕ್ಕೆ ಐದು ಹಂತಗಳಿವೆ ಎಂದು ವಿವರಿಸಿ, ಅವರು ಎಷ್ಟನೆಯದರಲ್ಲಿದ್ದಾರೆಂದು ನಾನೇ ಗುರುತು ಹಾಕಿದೆ. ಒಪ್ಪದಿರುವುದು, ಸಿಟ್ಟು, ಚೌಕಾಸಿ, ಕುಸಿತ, ಒಪ್ಪಿಕೊಳ್ಳುವುದು. ಅವರಿಗೆ ಸಿಟ್ಟು ಬಂದಿರಲಿಲ್ಲ. 'ನಾನು ಸಿಟ್ಟು ಮಾಡ್ಕೋಬೇಕಿತ್ತಾ ಮೇಡಂ' ಎಂದು ಪರೀಕ್ಷೆಯಲ್ಲಿ ಪ್ರಶ್ನೆ ಬಿಟ್ಟ ವಿದ್ಯಾರ್ಥಿಯ ಹಾಗೆ ಕೇಳಿದರು. ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರ ತಮ್ಮ ಪುಸ್ತಕದಲ್ಲಿ ಆ ಹಂತಗಳನ್ನು ಬರೆದದ್ದು ಸಾಯುವ ಕಾಯಿಲೆಯಲ್ಲಿದ್ದ ರೋಗಿಗಳೊಡನೆ ಮಾತಾಡಿ. ತಮ್ಮ ಸಾವನ್ನು ಎದುರಿಗಿಟ್ಟುಕೊಂಡವರ ಮಾತು ಅದು. ಉಳಿದುಕೊಂಡವರು ಒಂದರ ಮೇಲೊಂದು ಹತ್ತಬೇಕಾದ ಮೆಟ್ಟಿಲು ಅಂತ ಯಾವ ನಿಯಮವೂ ಇಲ್ಲ. ಇದನ್ನು ನಾನು ಓದಿ ತಿಳಿದುಕೊಂಡದ್ದು ಆ ಶಿಕ್ಷಕಿ ನನ್ನಲ್ಲಿಗೆ ಬರುವುದನ್ನು ನಿಲ್ಲಿಸಿದ ಮೇಲೆ.

ಐದನೇ ಭೇಟಿಯ ಕೊನೆಯಲ್ಲಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಮಾತು ಹೇಳ್ಲಾ ಮೇಡಂ? ಬೇಜಾರು ಮಾಡ್ಕೋಬೇಡಿ. ನನ್ನ ಕಷ್ಟ ಕೇಳೋಕೆ ನಿಮಗೆ ಭಯ ಆಗುತ್ತೆ ಅನ್ಸುತ್ತೆ. ನಾನು ಅಳು ಬಂದ್ರೆ ತಡ್ಕೋತೀನಿ, ನಿಮಗೆ ತೊಂದ್ರೆ ಆಗ್ಬಾರ್ದು ಅಂತ." ಹೇಳಿ ನಮಸ್ಕಾರ ಮಾಡಿದರು. ಮುಂದಿನ ವಾರ ಬರಲಿಲ್ಲ. ನನ್ನ ಮೆಸೇಜಿಗೆ ಉತ್ತರವೂ ಇಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಬದಲಾಗಲು ಮನಸ್ಸಿಲ್ಲದವರಿಗೆ ಯಾರು ಏನು ಮಾಡಲಾದೀತು ಎಂದು ಗೆಳತಿಯ ಹತ್ತಿರ ಹೇಳಿಕೊಂಡೆ. ಹಾಗೆ ಹೇಳಿದ್ದು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕೋಚ್‌ಗಳಿಗೆ ಮಾನ್ಯತೆ ಕೊಡುವ ಐಸಿಎಫ್ ಎಂಬ ಒಕ್ಕೂಟ 1995ರಿಂದ ಇದೆ. ಅದರ ಮೊದಲ ಹಂತಕ್ಕೆ ಕಡಿಮೆಯೆಂದರೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿರಬೇಕು. ನಾನು ತಯಾರಾಗುತ್ತಿದ್ದ ಎರಡನೇ ಹಂತಕ್ಕೆ 125 ಗಂಟೆ ತರಬೇತಿ, 500 ಗಂಟೆ ಕೋಚಿಂಗ್. ಜೊತೆಗೆ ಅನುಭವಿಯೊಬ್ಬರು ನಮ್ಮ ಮಾತುಕತೆಯ ರೆಕಾರ್ಡಿಂಗ್ ಕೇಳಿ ತಿದ್ದಬೇಕು. ಆ ಶಿಕ್ಷಕಿಯ ಒಪ್ಪಿಗೆ ಪಡೆದು ಮಾಡಿದ್ದ ನಾಲ್ಕನೇ ಭೇಟಿಯ ರೆಕಾರ್ಡಿಂಗನ್ನು ಡಿಸೆಂಬರಿನಲ್ಲಿ ನನ್ನ ಮಾರ್ಗದರ್ಶಕರಿಗೆ ಕೇಳಿಸಿದೆ. ಅರವತ್ತು ದಾಟಿದ ಹೆಂಗಸು, ಹಲವು ವರ್ಷ ಆಪ್ತಸಮಾಲೋಚನೆ ಮಾಡಿದವರು. ಹತ್ತು ನಿಮಿಷ ಕೇಳಿ ನಿಲ್ಲಿಸಿದರು. "ನಾನೇನೂ ಹೇಳಲ್ಲ. ಮನೆಗೆ ಹೋಗಿ ನೀನೇ ಕೇಳು. ಅವರು ಮಾತು ನಿಲ್ಲಿಸಿದಾಗಲೆಲ್ಲ ನೀನು ಬಾಯಿ ತೆಗೆಯೋಕೆ ಎಷ್ಟು ಸೆಕೆಂಡ್ ತಗೊಂಡೆ ಅಂತ ಬರಿ. ಅಷ್ಟೇ" ಎಂದರು.

ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಕೂತೆ. ನಲವತ್ತೆಂಟು ನಿಮಿಷದ ಮಾತುಕತೆ. ಹಾಳೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತ ಹೋದೆ. ಎರಡು. ಮೂರು. ಎರಡು. ಒಂದು. ಮೂವತ್ತೊಂದು ಸಲ ಅವರು ನಿಂತಿದ್ದರು. ನಾನು ಅತಿ ಹೆಚ್ಚು ಕಾದದ್ದು ನಾಲ್ಕು ಸೆಕೆಂಡು, ಅದೂ ಒಮ್ಮೆ. ಎರಡು ಕಡೆ ಅವರು ಉಸಿರು ಎಳೆದುಕೊಳ್ಳುವ ಸದ್ದಿತ್ತು, ಇನ್ನೇನು ಹೇಳಬೇಕೆನ್ನುವಾಗಿನ ಉಸಿರು. ಅದರ ಮೇಲೆಯೇ ನನ್ನ ಪ್ರಶ್ನೆ ಬಿದ್ದಿತ್ತು.

ಇಪ್ಪತ್ತೆರಡನೇ ನಿಮಿಷದಲ್ಲಿ ಅವರು ಹೀಗೆಂದಿದ್ದರು: "ಮೂರು ಗಂಟೆಗೇ ಎಚ್ಚರ ಆಗಿಬಿಡುತ್ತೆ. ಆಗ ಬೆಳಗಾಗೋದೇ ಬೇಡ ಅನ್ಸುತ್ತೆ." ಎರಡು ಸೆಕೆಂಡು. ಆಮೇಲೆ ನನ್ನ ಉತ್ಸಾಹದ ದನಿ: "ಸರಿ, ಹಾಗಾದರೆ ಎದ್ದ ತಕ್ಷಣ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು?"

ಪೆನ್ನು ಕೆಳಗಿಟ್ಟೆ. ಆ ಹೆಣ್ಣುಮಗಳು ಬದುಕೇ ಬೇಡವೆನಿಸುತ್ತಿದೆ ಎಂದು ಹೇಳುತ್ತಿದ್ದರೇ? ಅಥವಾ ಸಂಕಟದಲ್ಲಿ ಎಲ್ಲರೂ ಆಡುವ ಮಾತೇ? ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. "ಸಾಯಬೇಕು ಅನ್ನೋ ಯೋಚನೆ ಬರುತ್ತಾ" ಎಂದು ನೇರವಾಗಿ ಕೇಳಬೇಕಿತ್ತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ ಎಂದು ಮನೋವೈದ್ಯರು ಹೇಳುತ್ತಲೇ ಬಂದಿದ್ದಾರೆ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮೂರು ಗಂಟೆಗೆ ಎಚ್ಚರ; ಇದು ಕೋಚ್ ಕೈಯಲ್ಲಿ ಇಟ್ಟುಕೊಳ್ಳುವ ವಿಷಯವೇ ಆಗಿರಲಿಲ್ಲ. ಮೊದಲ ವಾರವೇ ವೈದ್ಯರ ಹತ್ತಿರ ಕಳಿಸಬೇಕಿತ್ತು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಬೇಕು. ಲೈಫ್ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ. ಹಾಗಿರುವಾಗ ನನ್ನ ಗೆರೆ ಎಲ್ಲಿಗೆ ಮುಗಿಯುತ್ತದೆ ಎಂದು ನನಗೇ ಗೊತ್ತಿರಬೇಕಾದದ್ದು ಎಷ್ಟು ಮುಖ್ಯ! ಗೊತ್ತಿತ್ತು ಕೂಡ. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗಿರುವವರ ಭಾವನೆ ಉಕ್ಕಿ ಬಂದಾಗ ಅಲ್ಲಾಡದೆ ಜೊತೆಗಿರುವುದು, ಮೌನಕ್ಕೆ ಜಾಗ ಬಿಡುವುದು, ಇವೆರಡೂ ಕೋಚ್‌ಗೆ ಇರಬೇಕಾದ ಕೌಶಲಗಳ ಐಸಿಎಫ್ ಪಟ್ಟಿಯಲ್ಲಿಯೇ ಇವೆ.

ಆ ರಾತ್ರಿ ಮಾರ್ಗದರ್ಶಕರಿಗೆ ಫೋನ್ ಮಾಡಿ ಹಾಳೆ ಓದಿ ಹೇಳಿದೆ. ಅವರು ಬೈಯಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು: "ಅವರು ಸುಮ್ಮನಾದಾಗ ನಿನ್ನ ಮೈಯಲ್ಲಿ ಏನಾಗ್ತಿತ್ತು?" ಎದೆ ಬಿಗಿಯುತ್ತಿತ್ತು, ಎಂದೆ. ಇನ್ನೆಲ್ಲಿ ಹೀಗೆ ಬಿಗಿಯುತ್ತೆ, ಎಂದರು. ಅವ್ವ ಆಂಬುಲೆನ್ಸಿನ ಮಾತೆತ್ತಿದಾಗ, ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೆ ಮುಂದೆ ಮಾತಾಡಲಾಗಲಿಲ್ಲ. ಏಳು ತಿಂಗಳು ಬರದಿದ್ದ ಅಳು ಬಂತು. ಆ ಕಡೆಯಿಂದ ಫೋನ್ ಇಡಲಿಲ್ಲ, ಒಂದು ಮಾತೂ ಬರಲಿಲ್ಲ. ಅವರ ಮನೆಯ ಗಡಿಯಾರ ಟಿಕ್ ಟಿಕ್ ಎನ್ನುವುದು ಮಾತ್ರ ಕೇಳಿಸುತ್ತಿತ್ತು.

ಆಮೇಲೆ ಓದಿಗೆ ಬಿದ್ದೆ. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಜೊತೆಯವರು ಪ್ರಕಟಿಸಿದ ಒಂದು ಅಧ್ಯಯನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪರಸ್ಪರ ಪರಿಚಯವಿಲ್ಲದ ಹೆಂಗಸರನ್ನು ಇಬ್ಬಿಬ್ಬರಂತೆ ಕೂರಿಸಿ, ಮನ ಕಲಕುವ ಒಂದು ಚಿತ್ರ ತೋರಿಸಿ, ಅದರ ಬಗ್ಗೆ ಮಾತಾಡಿಕೊಳ್ಳಲು ಹೇಳಿದರು. ಕೆಲವು ಜೋಡಿಗಳಲ್ಲಿ ಒಬ್ಬಳಿಗೆ ಮಾತ್ರ ಗುಟ್ಟಾಗಿ, ನಿನ್ನ ಭಾವನೆ ಮುಖದಲ್ಲಿ ತೋರಗೊಡಬೇಡ ಎಂದು ಸೂಚನೆ. ಅಂಥವಳ ಎದುರು ಕೂತು ಮಾತಾಡಿದ, ಏನೂ ಅರಿಯದ ಇನ್ನೊಬ್ಬಳ ರಕ್ತದೊತ್ತಡ ಏರಿತ್ತು. ಓದುತ್ತಿದ್ದ ಹಾಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಆ ಶಿಕ್ಷಕಿಯ ಮುಖ ಬಂತು. ನನ್ನ ಗಟ್ಟಿತನವನ್ನು ಅವರು ಮೈಯಲ್ಲಿ ಹೊತ್ತಿದ್ದರು. ಅವ್ವನೂ ಹೊತ್ತಿದ್ದಳು.

ಶಿಕ್ಷಕಿಗೆ ಕಾಗದ ಬರೆದೆ. ಕಾರಣ ಕೊಡದೆ, ಏನು ಮಾಡಿದೆನೋ ಅದನ್ನಷ್ಟೇ ಬರೆದೆ. ನೀವು ಹೇಳಿದ ಭಯ ನಿಜ, ನಾನು ನನ್ನ ಅಪ್ಪನಿಗೆ ಅತ್ತಿಲ್ಲ, ಆ ವೆಬಿನಾರಿನಲ್ಲಿ ಎದ್ದು ನಿಂತವಳಂತೆ ಕಂಡದ್ದು ಓಡುತ್ತಿದ್ದವಳು ಎಂದೆ. ಮೂರು ಗಂಟೆಯ ಎಚ್ಚರದ ಬಗ್ಗೆ ದಯವಿಟ್ಟು ಮನೋವೈದ್ಯರನ್ನು ಕಾಣಿ ಎಂದು ಬೇಡಿಕೊಂಡೆ. ಐದು ಭೇಟಿಗಳ ಹಣ ಹಿಂದಿರುಗಿಸಿದೆ. ಎರಡು ವಾರದ ಮೇಲೆ ಫೋನ್ ಬಂತು. ಮಗಳ ಒತ್ತಾಯಕ್ಕೆ ಅವರು ಆಗಲೇ ಡಾಕ್ಟರನ್ನು ಕಂಡು ಔಷಧಿ ಶುರು ಮಾಡಿದ್ದರು. ಆಪ್ತಸಮಾಲೋಚಕಿಯೊಬ್ಬರ ಹತ್ತಿರವೂ ಹೋಗುತ್ತಿದ್ದರು. "ಅಲ್ಲಿ ಗಡಿಬಿಡಿ ಇಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ಕಹಿ ಇರಲಿಲ್ಲ. ನನ್ನಲ್ಲಿಗೆ ಮತ್ತೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಈಗ ಯಾರೇ ಬಂದರೂ ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಬದುಕು ಬೇಡವೆನಿಸುವುದರ ಬಗ್ಗೆ ಬಿಡಿಸಿ ಕೇಳುತ್ತೇನೆ. ಸಾವಿನ ದುಃಖ ಆರು ತಿಂಗಳು, ವರ್ಷ ಕಳೆದರೂ ದಿನದ ಬದುಕನ್ನೇ ನಡೆಯಗೊಡದಷ್ಟು ಬಿಗಿಯಾಗಿ ಹಿಡಿದಿದ್ದರೆ ಅದಕ್ಕೆ ವೈದ್ಯಕೀಯ ಹೆಸರಿದೆ, ಚಿಕಿತ್ಸೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರಿಂದ ಅದು ಬಳಕೆಗೆ ಬಂದಿದೆ. ಅಂಥವರನ್ನು ವೈದ್ಯರಲ್ಲಿಗೆ ಕಳಿಸುತ್ತೇನೆ. ಅದೇ ವರ್ಷದ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಅವ್ವನ ನೋಟ್‌ಬುಕ್ಕು ನೋಡಿದ್ದು 2022ರ ಸಂಕ್ರಾಂತಿಗೆ ಹೋದಾಗ. ಪಹಣಿ ಹುಡುಕುವಾಗ ಸಿಕ್ಕಿತು. ದಪ್ಪ ದಪ್ಪ ಅಕ್ಷರ, ಗೆರೆಯಿಂದ ಮೇಲಕ್ಕೂ ಕೆಳಕ್ಕೂ ಜಾರಿದ ಸಾಲುಗಳು. ಮೊದಲ ಪುಟದಲ್ಲಿ:

ಹಸ ಹಾಲು ಕೊಟ್ಟತು.
ಮಳೆ ಬಂತು.
ಮಗಳು ಪೋನು ಮಾಡಿದಳು.

ಎರಡನೇ ಪುಟದಲ್ಲೂ ಅದೇ ಮೂರು ಸಾಲು. ಮೂರನೆಯದರಲ್ಲೂ. ನಲವತ್ತು ಪುಟ. ಒಂದಕ್ಷರ ಬದಲಾವಣೆಯಿಲ್ಲ, ಕಾಪಿ ಬರೆಯುವ ಮಗು ಬರೆದ ಹಾಗೆ. ಆ ಆಗಸ್ಟಿನಲ್ಲಿ ನಾನು ಆನ್‌ಲೈನ್ ತರಗತಿಗಳ ನಡುವೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಫೋನ್ ಮಾಡಿದ್ದವಳು. ಅವ್ವ ಮಾತ್ರ ದಿನಾ ಬರೆದಿದ್ದಳು, ಮಗಳು ಫೋನು ಮಾಡಿದಳು ಎಂದು. ಯಾರಿಗೆ ಹಾಗೆ ಬರೆದಳು? ಓದಲು ಬರುವವಳು ನಾನೇ ಎಂದು ಅವಳಿಗೆ ಗೊತ್ತಿತ್ತು. ನನಗೆ ಬೇಜಾರಾಗದಿರಲೆಂದು ಬರೆದಿದ್ದಳು.

ಅವತ್ತೇ ಅವಳ ಪಕ್ಕ ಕೂತು ಕೇಳಬಹುದಿತ್ತು. ಆಗಲಿಲ್ಲ. ಬಾಯಿಗೆ ಬಂದ ಮಾತು ಹಬ್ಬದ ಎಳ್ಳು ಬೆಲ್ಲದ ಕಡೆ ತಿರುಗಿತು. ಯುಗಾದಿಗೂ ಹಾಗೇ ಆಯಿತು. ಬೇರೆಯವರ ಮೌನದಲ್ಲಿ ಕೂರುವುದನ್ನು ಅಷ್ಟರಲ್ಲಿ ಸ್ವಲ್ಪ ಕಲಿತಿದ್ದೆ. ಕೈಬೆರಳುಗಳನ್ನು ಮಂಡಿಯ ಮೇಲಿಟ್ಟು, ಅಂಗಾಲು ನೆಲಕ್ಕೆ ಊರಿರುವುದನ್ನು ಗಮನಿಸುತ್ತ, ಎದೆ ಬಿಗಿದರೆ ಬಿಗಿಯಲಿ ಎಂದು ಬಿಡುವುದು. ಅವ್ವನ ಎದುರು ಆ ಅಭ್ಯಾಸವೆಲ್ಲ ಕೈಕೊಡುತ್ತಿತ್ತು.

ಆ ಸೆಪ್ಟೆಂಬರಿನ ಪಿತೃಪಕ್ಷದಲ್ಲಿ ಹಿರೀಕರಿಗೆ ಎಡೆ ಇಡಲು ಹೋಗಿದ್ದೆ. ನಡುಮನೆಯಲ್ಲಿ ಹೊಸ ಪಂಚೆ, ಟವಲ್ಲು ಮಡಿಸಿಟ್ಟು, ಅಪ್ಪನಿಗೆ ಇಷ್ಟವಾದದ್ದೆಲ್ಲ ಎಲೆಗೆ ಬಡಿಸಿ, ಪೂಜೆ ಮುಗಿಯಿತು. ಅಣ್ಣ ಅತ್ತಿಗೆ ಊಟ ಮಾಡಿ ಮಲಗಿದರು. ಅವ್ವ ಜಗಲಿಯ ಮೇಲೆ ಕೂತಿದ್ದಳು. ನಾನೂ ಹೋಗಿ ಕೂತೆ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಿತ್ತು. ನಾಲೆಯ ಕಡೆಯಿಂದ ತಣ್ಣನೆ ಗಾಳಿ.

"ಅವತ್ ರಾತ್ರಿ ಆಂಬುಲೆನ್ಸ್ ಬಂತಲ್ಲ ಅವ್ವ," ಎಂದೆ. "ಆಮೇಲೆ ಏನಾಯ್ತು?"

ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಎದ್ದು ಒಳಗೆ ಹೋದಳು. ನಾನು ತಪ್ಪು ಮಾಡಿದೆನೇನೋ ಅಂದುಕೊಳ್ಳುವಷ್ಟರಲ್ಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಅದರೊಳಗೆ ಅಪ್ಪನ ಎಕ್ಕಡ. ಟೈರಿನ ಅಟ್ಟೆಯದು, ಬಲಗಾಲಿನ ಹೆಬ್ಬೆರಳಿನ ಉಂಗುಷ್ಠಕ್ಕೆ ತಂತಿ ಸುತ್ತಿದ್ದ. ಹಿಮ್ಮಡಿಯ ಜಾಗ ತಗ್ಗಾಗಿತ್ತು, ಅದರಲ್ಲಿ ಗದ್ದೆಯ ಮಣ್ಣು ಒಣಗಿ ಹಾಗೇ ಇತ್ತು.

"ಬರಿಗಾಲಲ್ಲೇ ಹತ್ಸಿಬುಟ್ರು ಕಣ್ ಮಗಾ. ಯಾರೂ ನೋಡ್ಲಿಲ್ಲ. 'ದನೀಗ್ ನೀರ್ ಕುಡಿಸ್ದಾ' ಅಂತ ಕೇಳುದ್ರು, ಅದೇ ಕಡೇ ಮಾತು. ನಾನು ಒಳಗೋಗಿ ಎಕ್ಕಡ ತರೋ ಹೊತ್ಗೆ ಗಾಡಿ ಹೊಂಟೋಯ್ತು. ಅರಳಿಕಟ್ಟೆ ಗಂಟ ಓಡ್ದೆ. ಕೂಗ್ದೆ. ನಿಲ್ಲಿಸ್ನಿಲ್ಲ. ಅಲ್ಲೇ ಕತ್ಲಲ್ಲಿ ನಿಂತಿದ್ದೆ ಇದ್ನ ಕೈಲಿಡ್ಕೊಂಡು." ಸ್ವಲ್ಪ ಹೊತ್ತು ಬಿಟ್ಟು, "ತಿಥೀಲಿ ಯಾರ್ಗಾದ್ರೂ ದಾನ ಕೊಡೋರು. ಅದೂ ಆಗ್ಲಿಲ್ಲ. ಎಡೆಗಿಡೋಕೆ ಎಕ್ಕಡ ಇಡಂಗಿಲ್ಲ. ಅಷ್ಟು ದೂರ ಬರಿಗಾಲಲ್ ಹೋದ್ರಲ್ಲ ಅಂತ" ಎಂದಳು.

ಆಮೇಲೆ ಅವಳು ಅತ್ತಳು. ರಾಗ ಎಳೆದು, ಅಪ್ಪನ ಹೆಸರು ಹಿಡಿಯದೆ 'ನನ್ನಪ್ಪಾ, ನನ್ನ ದೊರೆಯೇ' ಎಂದು, ಮದುವೆಯ ವರ್ಷದಿಂದ ಹಿಡಿದು ಹೇಳಿಕೊಂಡು ಅತ್ತಳು. ಬಾವಿ ಬಂತು, ಎತ್ತು ಬಂತು, ನಾನು ಹುಟ್ಟಿದ ದಿನ ಬಂತು. ಎದುರು ಮನೆಯ ಅಜ್ಜಿ ಬಾಗಿಲು ತೆಗೆದು, ಬೀದಿ ದಾಟಿ ಬಂದು, ಏನೂ ಕೇಳದೆ ಅವ್ವನ ಇನ್ನೊಂದು ಪಕ್ಕಕ್ಕೆ ಕೂತಳು. ನನ್ನ ಎದೆ ಬಿಗಿಯಿತು, ಬಿಗಿದೇ ಇತ್ತು. ನಾನು ಅವ್ವನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತೆ. ಒಂದು ಎಕ್ಕಡ ನನ್ನ ತೊಡೆಯ ಮೇಲಿತ್ತು.

ಅಜ್ಜಿ ಎದ್ದು ಹೋಗುವಾಗ ಹೇಳದೆ ಹೋದಳು. ಬೀದಿ ದೀಪದ ಸುತ್ತ ಹುಳ ಸುತ್ತುತ್ತಿದ್ದವು. ಅವ್ವ ಸೆರಗಿನಿಂದ ಮೂಗು ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ ಕೇಳಿದಳು:

"ನಿಂಗೆ ಫೋನ್ ಬಂದಾಗ ನೀನೇನ್ ಮಾಡ್ತಿದ್ದೆ ಮಗಾ?"

ಹದಿನಾರು ತಿಂಗಳಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.

"ಎದ್ದೇ ಇದ್ದೆ ಅವ್ವ," ಎಂದೆ. "ನಾಲ್ಕೂ ಇಪ್ಪತ್ತಾಗಿತ್ತು. ಅಣ್ಣನ ಹೆಸರು ಬಂತು. ನಾನು ಫೋನ್ ತೆಗೀಲಿಲ್ಲ. ತೆಗೆದ್ರೆ ನಿಜ ಆಗಿಬಿಡುತ್ತೆ ಅಂತ ರಿಂಗ್ ಆಗೋಕೆ ಬಿಟ್ಟು, ಅಡುಗೆಮನೆಗೆ ಹೋಗಿ..."

ಅವ್ವ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಳು.